ಮಗಳಿಗೊಂದು ಪತ್ರ: ಪಾದ್ರಿಗಳ ಪ್ರಮಾಣವಚನ

ಪುಟ್ಟಿ,

ಫ್ರೆಂಚ್ ಕ್ರಾಂತಿಯನ್ನು ‘ವಿಚಾರಕ್ಕೂ ಧರ್ಮಕ್ಕೂ ಜಗಳ’ ಅಂತ ಒಂದೇ ಸಾಲಲ್ಲಿ ಬರೆದು ಮುಗಿಸಬೇಡ. 1789ರ ಜೂನ್ 13ರಂದು, ಸಭೆಯಲ್ಲಿ ಹೆಸರು ಕೂಗಿದಾಗ ಓಗೊಟ್ಟು ಮೂರನೇ ವರ್ಗದವರ (ಪಾದ್ರಿಗಳೂ ಶ್ರೀಮಂತ ಕುಲದವರೂ ಅಲ್ಲದ ಸಾಮಾನ್ಯ ಜನರ ಪ್ರತಿನಿಧಿಗಳ) ಸಾಲಿಗೆ ಮೊದಲು ಎದ್ದುಬಂದವರೇ ಪಶ್ಚಿಮ ಫ್ರಾನ್ಸಿನ ಪ್ವಾತು ಸೀಮೆಯ ಮೂವರು ಹಳ್ಳಿ ಪಾದ್ರಿಗಳು. ಅದೇ ಸೀಮೆಯ ಒಂದು ಭಾಗ ವಾಂದೇ. 1793ರಲ್ಲಿ ಅಲ್ಲೇ ಜನ ಗಣರಾಜ್ಯದ ವಿರುದ್ಧ ದಂಗೆ ಎದ್ದರು. ನಡುವೆ ಏನಾಯಿತು ಅನ್ನೋದೇ ಪ್ರಶ್ನೆ.

ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಇತಿಹಾಸಕಾರ ಮಿಶೆಲೆಗೆ ಇದು ತಪ್ಪಿಸಲಾಗದ ಜಗಳ: ಕ್ರೈಸ್ತಧರ್ಮದ್ದು ಕೃಪೆ, ಕ್ರಾಂತಿಯದ್ದು ನ್ಯಾಯ, ಎರಡೂ ಕೂಡಿ ಬಾಳವು. ಅದೇ ಕಾಲದ ಚಿಂತಕ ತೊಕ್‌ವಿಲ್ ಒಪ್ಪಲಿಲ್ಲ. ಅವನ ಪ್ರಕಾರ ಜನರ ಸಿಟ್ಟು ದೇವರ ಮೇಲಲ್ಲ, ಜಮೀನು ಇಟ್ಟುಕೊಂಡು ದಶಾಂಶ (ಬೆಳೆಯಲ್ಲಿ ಚರ್ಚಿಗೆ ಕೊಡಬೇಕಾದ ಪಾಲು) ವಸೂಲಿ ಮಾಡುತ್ತಿದ್ದ ಪಾದ್ರಿಯ ಮೇಲೆ. ಆದರೆ ದಶಾಂಶ 1789ರಲ್ಲೇ ರದ್ದಾಯಿತು, ನವೆಂಬರ್ 2ಕ್ಕೆ ಚರ್ಚಿನ ಆಸ್ತಿಯೂ ರಾಷ್ಟ್ರದ ಕೈಗೆ ಹೋಯಿತು. ಜಗಳ ಮಾತ್ರ ಆಮೇಲೆಯೇ ಜೋರಾಯಿತು.

1790ರ ಜುಲೈ 12ರ ಕಾನೂನು, ಅಂದರೆ ‘ಪಾದ್ರಿಗಳ ನಾಗರಿಕ ಸಂವಿಧಾನ’, ಜಿಲ್ಲೆಗೊಬ್ಬರಂತೆ 83 ಬಿಷಪ್ಪರನ್ನಷ್ಟೇ ಉಳಿಸಿತು, ಪಾದ್ರಿಗಳ ಆಯ್ಕೆಯನ್ನು ಮತದಾರರಿಗೆ ಬಿಟ್ಟಿತು. ಹಿಂದೆ ದಶಾಂಶದ ಬದಲು 700 ಲಿವ್ರ್ (ಆಗಿನ ಫ್ರೆಂಚ್ ಹಣ) ಕೈಗೆ ಬರುತ್ತಿದ್ದ ಹಳ್ಳಿ ಪಾದ್ರಿಗೆ ಕನಿಷ್ಠ 1200 ಗೊತ್ತುಮಾಡಿತು. ಹಾಗಾಗಿ ಎಲ್ಲರೂ ಹೊಟ್ಟೆಪಾಡಿಗೆ ಮುನಿದರು ಅಂದರೆ ನಂಬೋದು ಕಷ್ಟ. ನವೆಂಬರಿನಲ್ಲಿ ಪ್ರಮಾಣವಚನದ ಆದೇಶ ಬಂತು: ಭಾನುವಾರ ಪೂಜೆ ಮುಗಿದ ಮೇಲೆ ಊರವರೆದುರು ‘ರಾಷ್ಟ್ರ, ಕಾನೂನು, ರಾಜನಿಗೆ ನಿಷ್ಠನಾಗಿರುತ್ತೇನೆ, ಸಂವಿಧಾನವನ್ನು ಶಕ್ತಿಮೀರಿ ಕಾಪಾಡುತ್ತೇನೆ’ ಅನ್ನಬೇಕು. ಆ ಮಾತಿನಲ್ಲಿ ಚರ್ಚಿನ ಹೊಸ ಕಾನೂನಿನ ಹೆಸರೇ ಇಲ್ಲ, ನೋಡು! ಕೊಕ್ಕೆ ಇದ್ದದ್ದು ‘ಸಂವಿಧಾನ’ ಎಂಬ ಪದದೊಳಗೆ: ಚರ್ಚಿನ ಆ ಕಾನೂನೂ ಅದರಲ್ಲೇ ಸೇರಿತ್ತು.

ಪ್ರಮಾಣ ಮಾಡಿದವರೆಷ್ಟು, ಮಾಡದವರೆಷ್ಟು ಅನ್ನೋ ಎಣಿಕೆಯಲ್ಲಿ ಎಡವೋದೂ ಇಲ್ಲೇ. ಕೆಲವರು ‘ಆಧ್ಯಾತ್ಮಿಕ ವಿಷಯಗಳನ್ನು ಬಿಟ್ಟು’ ಅಂತ ಸೇರಿಸಿ ಹೇಳಿದರು. ಅವರು ಯಾವ ಕಾಲಮ್ಮಿಗೆ? 1791ರ ವಸಂತದಲ್ಲಿ ಪೋಪ್ ಖಂಡಿಸಿದ ಮೇಲೆ ಮಾತು ಹಿಂತೆಗೆದುಕೊಂಡವರು? ಅಮೆರಿಕದ ಇತಿಹಾಸಕಾರ ತಿಮೊಥಿ ಟ್ಯಾಕೆಟ್ ಊರೂರಿನ ಲೆಕ್ಕ ಹಾಕಿದಾಗ ಹಳ್ಳಿ ಪಾದ್ರಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಒಪ್ಪಿದ್ದರು. ಆಗ್ನೇಯದ ವಾರ್ ಜಿಲ್ಲೆಯಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿ, ಪಶ್ಚಿಮದಲ್ಲಿ ತೀರಾ ಕಡಿಮೆ. ಪಾದ್ರಿ ಬಾಯಿ ತೆರೆದಾಗ ಹಿಂದೆ ಇಡೀ ಊರು ನಿಂತಿರುತ್ತಿತ್ತು ಅನ್ನೋದು ಅವನ ವಾದ. ನನಗೆ ಮಿಶೆಲೆಗಿಂತ ಇದು ಹೆಚ್ಚು ಒಪ್ಪಿಗೆ.

ಅಂದ ಹಾಗೆ, ವಾಂದೇ ದಂಗೆಗೆ ಕಿಡಿ ಹಚ್ಚಿದ್ದು 3 ಲಕ್ಷ ಸೈನಿಕರನ್ನು ಸೇರಿಸುವ ಆದೇಶ. ಅದನ್ನು ಬಿಟ್ಟು ಎಲ್ಲವನ್ನೂ ಚರ್ಚಿನ ತಲೆಗೆ ಕಟ್ಟಬೇಡ.

ಇಂತಿ,
ಅಪ್ಪ