ಮಗಳಿಗೊಂದು ಪತ್ರ: ಮೊದಲು ನಲ್ಲಿ ತಿರುಗಿಸಿ ನೋಡು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಬಾಡಿಗೆ ಮನೆಗಳ ಫೋಟೋಗಳನ್ನೆಲ್ಲ ನೋಡಿದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಂಜಿನಿಯರಿಂಗ್ ಕಾಲೇಜು ದಾಟಿದ ಮೇಲಿನ ಹೊಸ ಲೇಔಟ್ ಫ್ಲ್ಯಾಟಿಗೆ ನಿನ್ನ ಮನಸ್ಸು ಬಿದ್ದಿದೆ. ಬಾಲ್ಕನಿ ಚೆನ್ನಾಗಿದೆ, ಒಪ್ಪಿದೆ. ಆದರೆ ಫೋಟೋದಲ್ಲಿ ನೀರು ಕಾಣುವುದಿಲ್ಲ ಅಲ್ವಾ?

ಹೇಮಾವತಿ ನೀರಿನ ನಲ್ಲಿ ಇದೆಯಾ, ಇಲ್ಲ ಬರೀ ಬೋರಾ, ಅದನ್ನೇ ಮೊದಲು ಕೇಳು. ಓನರ್ 'ಇಪ್ಪತ್ನಾಲ್ಕು ಗಂಟೆ ನೀರು' ಅಂದೇ ಅನ್ನುತ್ತಾರೆ. ಬೇಸಿಗೆಯಲ್ಲಿ ಬೋರ್ ಕೈಕೊಟ್ಟರೆ ಟ್ಯಾಂಕರ್ ದುಡ್ಡು ಯಾರದ್ದು? ಇದನ್ನು ಓನರಿಗಿಂತ ಕೆಳಮನೆಯವರನ್ನು ಕೇಳುವುದು ವಾಸಿ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸು. ಷವರಿನ ತೂತುಗಳಲ್ಲಿ ಬಿಳಿ ಕರೆ ಕಟ್ಟಿದ್ದರೆ ಗಡಸು ನೀರು. ಗೀಸರ್ ಕಾಯಿಲ್ ಬೇಗ ಹೋಗುತ್ತದೆ, ಬೇಳೆ ಬೇಯುವುದೂ ತಡ.

ಹಾಸನದಲ್ಲಿ ನಮ್ಮ ಸಕಲೇಶಪುರದಷ್ಟು ಮಳೆ ಇಲ್ಲ ನಿಜ. ಆದರೂ ಆಷಾಢದ ಜಡಿ ಹಿಡಿದರೆ ಗೋಡೆ ಕುಡಿದೇ ಕುಡಿಯುತ್ತದೆ. ಪಡುವಣದ ಗೋಡೆಗೆ, ವಾರ್ಡ್‌ರೋಬ್ ಒಳಗೆ ಅಂಗೈ ಇಟ್ಟು ನೋಡು. ಒಂದೇ ಮೂಲೆಗೆ ಹೊಸ ಬಣ್ಣ ಹೊಡೆದಿದ್ದರೆ ಅದರಡಿ ಬೂಷ್ಟು ಇದೆ ಅಂತಲೇ ನನ್ನ ಲೆಕ್ಕ. ಗೇಟಿನವರೆಗೆ ಇನ್ನೂ ಮಣ್ಣು ರಸ್ತೆ ಅಂದೆಯಲ್ಲ, ಮಳೆ ಬಂದ ಮಾರನೇ ದಿನ ಸ್ಕೂಟಿಯಲ್ಲೇ ಹೋಗಿ ಬಾ. ನೈಟ್ ಡ್ಯೂಟಿಗೆ ಓಡಾಡುವವಳು ನೀನು, ಕತ್ತಲಾದ ಮೇಲೂ ಒಮ್ಮೆ ಹೋಗು.

ಕರೆಂಟ್ ಮೀಟರ್ ನಿನ್ನ ಮನೆಗೇ ಬೇರೆ ಇರಬೇಕು. 2023ರಲ್ಲಿ ಶುರುವಾದ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ, ಮಿತಿ ತಿಂಗಳಿಗೆ 200 ಯೂನಿಟ್. ಆದರೆ ಹಳೇ ಬಾಡಿಗೆಯವರ ಆಧಾರ್ ಆ ಮನೆಯ ಆರ್‌ಆರ್ ನಂಬರಿನಿಂದ, ಅಂದರೆ ಕರೆಂಟ್ ಸಂಪರ್ಕದ ನಂಬರಿನಿಂದ, ಬಿಡಿಸಿರಬೇಕು. ಅದನ್ನೂ ವಿಚಾರಿಸು.

ಕರಾರು ಎಲ್ಲರೂ ಮಾಡಿಸುವಂತೆ 11 ತಿಂಗಳದ್ದೇ ಇರುತ್ತದೆ. ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನು ಬಾಯಿಮಾತಿಗೆ ಬಿಡಬೇಡ, ಬರೆಸು.

ನನ್ನ ಕೇಳಿದರೆ ವಿದ್ಯಾನಗರದ ಆ ಹಳೇ ಮನೆಯೇ ಸರಿ. ಮೊಸಾಯಿಕ್ ನೆಲ ಸ್ವಲ್ಪ ಮಂಕು, ಆದರೆ ನದಿ ನೀರಿನ ನಲ್ಲಿ ಇದೆ ಅಂದೆ, ಆಸ್ಪತ್ರೆಗೂ ಹತ್ತಿರ. ಒಂದೇ ಭಯ, ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿ ಬಾಗಿಲು ತೆಗೆದ ದಿನಗಳಲ್ಲಿ ನಿಮ್ಮಪ್ಪನ ಕಡೆಯ ನೆಂಟರೆಲ್ಲ ನಿನ್ನ ಮನೆಗೇ ಇಳಿಯುತ್ತಾರೆ. ಫ್ಲ್ಯಾಟ್ ಆದರೂ ಬಿಡುವವರಲ್ಲ ಬಿಡು.

ಟೋಕನ್ ಅಂತ ಸುಮ್ನೆ ದುಡ್ಡು ಕೊಟ್ಟುಬಿಡಬೇಡ. ಭಾನುವಾರ ನಿಮ್ಮಪ್ಪ ಬರುತ್ತಾರೆ, ಚೌಕಾಸಿ ಅವರಿಗೇ ಬಿಡು.

ಇಂತಿ,
ಅಮ್ಮ