ಗಾಲಿ ಫೆಸ್ಟ್: ಟಿಕೆಟ್, ದೇಣಿಗೆ, ಕಾರು

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಗಾಲಿ ನದಿಗೆ ಕಯಾಕ್ (ಹುಟ್ಟು ಹಾಕಿ ನಡೆಸುವ ಚಿಕ್ಕ ದೋಣಿ) ನಡೆಸಲು ಹೊರಡುವವರು ಇದನ್ನು ಪೂರ್ತಿ ಓದಿ.

ಅಲ್ಲಿನ ಸಮರ್ಸ್‌ವಿಲ್ ಊರಲ್ಲಿ ನಡೆಯುವ ದೋಣಿಯವರ ಮೇಳ ಗಾಲಿ ಫೆಸ್ಟ್‌ಗೆ ಎಲ್ಲರೂ ಟಿಕೆಟ್ ತಗೊಳ್ಳಿ. "ನಾನು ನದಿಗಿಳಿಯೋಕೆ ಬರೋದು, ಜಾತ್ರೆ ನನಗೆ ಬೇಡ" ಅನ್ನುವವರೂ ಸೇರಿ. ಅಮೆರಿಕನ್ ವೈಟ್‌ವಾಟರ್ ಸಂಸ್ಥೆ ನಡೆಸುವ ಈ ಮೇಳದ ಹಣ ಹೋಗುವುದು ನದಿ ಉಳಿಸುವುದಕ್ಕೆ, ದಡಕ್ಕೆ ಜನರ ದಾರಿ ಮುಚ್ಚದಂತೆ ನೋಡಿಕೊಳ್ಳುವುದಕ್ಕೆ. ನದಿಯ ಹರಿವಿಗೇ ಕುತ್ತಾಗಲಿದ್ದ ಜಲವಿದ್ಯುತ್ ಯೋಜನೆಯೊಂದು ನಿಂತುಹೋದ ಖುಷಿಗೆ 1983ರಲ್ಲಿ ಶುರುವಾದದ್ದು ಇದು. ಶರತ್ಕಾಲದಲ್ಲಿ ಅಣೆಕಟ್ಟಿನಿಂದ ನಮಗಾಗಿ ನೀರು ಬಿಡುವುದೂ ಪುಕ್ಕಟೆ ಸಿಕ್ಕ ವರವಲ್ಲ, 1986ರ ಕಾನೂನಿನಿಂದ ಬಂದದ್ದು.

ನೀರಿದ್ದರೆ ಸಾಲದು, ನದಿಗೆ ಇಳಿಯಲು, ದಡ ಹತ್ತಿ ಹೊರಬರಲು ಜಾಗ ಬೇಕು. ನದಿಯಿಂದ ಹೊರಬರುವ ಜಾಗಗಳಲ್ಲೊಂದಾದ ಮೇಸನ್ಸ್ ಬ್ರಾಂಚ್‌ನಲ್ಲಿ ನೀರು ತೊಟ್ಟಿಕ್ಕುವ ಕಯಾಕ್ ಹೆಗಲಿಗೇರಿಸಿ ಆ ಕಡಿದಾದ ಏರು ಹತ್ತಿದವರಿಗೆ ಗೊತ್ತು. ಮೇಲೆ ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಹತ್ತಿಯೂ ಏನು ಬಂತು? ಪಾರ್ಕಿಂಗ್‌ಗೆಂದು ಸಂಸ್ಥೆ ಅಲ್ಲಿ ಖಾಸಗಿ ಹೊಲವನ್ನು ಗುತ್ತಿಗೆಗೆ ಹಿಡಿದದ್ದುಂಟು. ಇಂಥ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ.

ದೇಣಿಗೆಯನ್ನು ನನಗೆ ಕಳಿಸಬೇಡಿ, ಲೆಕ್ಕ ಇಡುವ ತಲೆನೋವು ಬೇಡ. ಸಂಸ್ಥೆಗೇ ನೇರವಾಗಿ ಕೊಟ್ಟು ರಸೀದಿ ಇಟ್ಟುಕೊಳ್ಳಿ. ನೀವು ಕೊಟ್ಟಷ್ಟೇ ನಿಮ್ಮ ಕಂಪನಿಯೂ ಸೇರಿಸುತ್ತದಾ ಅಂತ ಎಚ್‌ಆರ್‌ನವರನ್ನು ಒಮ್ಮೆ ಕೇಳಿ, ನಾವು ಬಹಳ ಜನ ಇದನ್ನು ಸುಮ್ಮನೆ ಬಿಟ್ಟುಬಿಡುತ್ತೇವೆ.

ಕಾರಿನಲ್ಲಿ ಸೀಟು ಬೇಕಾದವರು, ಸೀಟು ಇರುವವರು ಭಾನುವಾರದೊಳಗೆ ಇಲ್ಲೇ ಹೆಸರು ಹಾಕಿ. ಊರವರ ಗೇಟಿಗೆ ಅಡ್ಡವಾಗಿ ಯಾರೂ ಗಾಡಿ ನಿಲ್ಲಿಸಬೇಡಿ. ಪುಳಿಯೋಗರೆ ಯಾರು ತರ್ತೀರಿ, ಅದನ್ನೂ ತಿಳಿಸಿ.