ಹಗಲಿನ ಲೆಕ್ಕವನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಹವಾಮಾನ ವರದಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ದಿನವೂ ಸೂರ್ಯೋದಯ, ಸೂರ್ಯಾಸ್ತದ ಸಮಯ ಇರುತ್ತದೆ. ಇದನ್ನು ಯಾರಾದರೂ ಓದುತ್ತಾರೆಯೇ ಎಂಬ ಅನುಮಾನ ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಬಂದಿದ್ದರೆ, ನಾನು ಓದುತ್ತೇನೆ. ಓದುವುದಷ್ಟೇ ಅಲ್ಲ, ನವೆಂಬರಿನಿಂದ ಫೆಬ್ರುವರಿ ಮುಗಿಯುವವರೆಗೆ ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಈ ಕಳೆಯುವ ಲೆಕ್ಕವನ್ನು ಇನ್ನು ಮುಂದೆ ನೀವೇ ಮಾಡಿ ಮುದ್ರಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಕಾರಣ ಹೇಳುವುದು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಾನು 31 ವರ್ಷ ಒಂದು ಕಚೇರಿಯ ಲೆಕ್ಕ ಶಾಖೆಯಲ್ಲಿ ಕೆಲಸ ಮಾಡಿದವಳು. ಜಮಾ ಖರ್ಚು ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಹತ್ತದು. ಮನೆಯ ಖರ್ಚಿಗೂ ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಅದರ ಕೊನೆಯ ಅಂಕಣ ‘ಷರಾ’. ಅಲ್ಲಿ ನೆಂಟರು ಬಂದದ್ದು, ನಲ್ಲಿ ಕೆಟ್ಟದ್ದು, ಯಾರಿಗೋ ಜ್ವರ ಬಂದದ್ದು, ಇಂಥವನ್ನೆಲ್ಲ ಒಂದೆರಡು ಮಾತಿನಲ್ಲಿ ಗೀಚುವ ಅಭ್ಯಾಸ. ಕಪಾಟಿನಲ್ಲಿ ಜಾಗವಿಲ್ಲವೆಂದು ಹಳೆಯ 17 ಪುಸ್ತಕಗಳನ್ನು ರದ್ದಿಗೆ ಹಾಕಲು ತೆಗೆದವಳು, ಹಾಕುವ ಮುಂಚೆ ಒಮ್ಮೆ ನೋಡೋಣವೆಂದು ನೆಲದ ಮೇಲೆ ಹರಡಿಕೊಂಡು ಕುಳಿತೆ. ಸಂಜೆಯ ಹೊತ್ತಿಗೆ ನನಗೆ ಒಂದು ವಿಚಿತ್ರ ಕಂಡಿತು. ಹೆಚ್ಚುಕಡಿಮೆ ಪ್ರತಿವರ್ಷವೂ ಡಿಸೆಂಬರ್ ಕಾಲಿಟ್ಟೊಡನೆ ಷರಾ ಅಂಕಣ ಬರಿದಾಗುತ್ತದೆ. ಬರಿದಾಗದ ದಿನ ‘ತಲೆಭಾರ’, ‘ಬೇಗ ಮಲಗಿದೆ’, ‘ಮದುವೆಗೆ ಹೋಗಲಿಲ್ಲ’, ‘ಫೋನು ಎತ್ತಲಿಲ್ಲ’. ಒಂದು ಕಡೆ ‘ಯಾಕೋ’ ಎಂದಷ್ಟೇ ಬರೆದು ಬಿಟ್ಟಿದ್ದೇನೆ. ಅದೇ ತಿಂಗಳುಗಳಲ್ಲಿ ಸಿಹಿತಿಂಡಿಯ ಬಾಬ್ತು ಮಾತ್ರ ಉಬ್ಬಿಕೊಂಡಿದೆ! ಫೆಬ್ರುವರಿಯ ನಡುವಿಗೆ ಬರುವಾಗ ಷರಾದಲ್ಲಿ ಮತ್ತೆ ಜನ ಬಂದು ಹೋಗುತ್ತಾರೆ, ಗಿಡ ಚಿಗುರುತ್ತದೆ, ಯಾರ ಮೇಲೋ ಸಿಟ್ಟು ಬರುತ್ತದೆ. ಸಿಟ್ಟು ಬರುವುದಕ್ಕೂ ಒಂದು ತ್ರಾಣ ಬೇಕಲ್ಲ.

ನನ್ನ ಯಜಮಾನರಿಗೆ ತೋರಿಸಿದೆ. ಅವರು ಚಳಿಗಾಲವೆಂದರೆ ಹಬ್ಬವೆನ್ನುವ ಪೈಕಿ. ಕತ್ತಲಿರುವಾಗಲೇ ಎದ್ದು, ಮಫ್ಲರ್ ಸುತ್ತಿಕೊಂಡು, ಸಿಳ್ಳೆ ಹಾಕುತ್ತ ವಾಯುವಿಹಾರಕ್ಕೆ ಹೋಗುವವರು. ಅವರು ಪುಸ್ತಕ ನೋಡಿ, ‘ಇದನ್ನು ಕಂಡುಹಿಡಿಯಲು 17 ಪುಸ್ತಕ ಬೇಕಿತ್ತೇ? ನನ್ನನ್ನು ಕೇಳಿದ್ದರೆ ಮದುವೆಯಾದ ಎರಡನೇ ವರ್ಷವೇ ಹೇಳುತ್ತಿದ್ದೆ’ ಎಂದರು. ಮತ್ತೆ ಏಕೆ ಹೇಳಲಿಲ್ಲ ಎಂದದ್ದಕ್ಕೆ, ‘ಚಳಿಗೆ ಎಲ್ಲರೂ ಮುದುಡುತ್ತಾರೆ, ಅದರಲ್ಲೇನಿದೆ ಅಂದುಕೊಂಡೆ’ ಎಂದರು.

ಅದರಲ್ಲೇನೋ ಇದೆ ಎಂದು ಗುರುತಿಸಿದವರು ನಾರ್ಮನ್ ರೋಸೆಂಥಾಲ್ ಎಂಬ ಮನೋವೈದ್ಯರು. ದಕ್ಷಿಣ ಆಫ್ರಿಕಾದ ಬಿಸಿಲಿನಲ್ಲಿ ಬೆಳೆದು ಅಮೆರಿಕಕ್ಕೆ ಹೋದವರು. ಅಲ್ಲಿಯ ಚಳಿಗಾಲದಲ್ಲಿ ತಮ್ಮ ಕೆಲಸದ ಹುರುಪೇ ಕುಸಿಯುವುದನ್ನು ಮೊದಲು ತಮ್ಮಲ್ಲೇ ಕಂಡರಂತೆ. 1984ರಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ಋತುಮಾನದ ಖಿನ್ನತೆಯನ್ನು ಒಂದು ಕಾಯಿಲೆಯಾಗಿ ವಿವರಿಸಿ ಹೆಸರಿಟ್ಟರು. ಸಾಮಾನ್ಯವಾಗಿ ಖಿನ್ನತೆಯಲ್ಲಿ ನಿದ್ದೆ ಕೆಡುತ್ತದೆ, ಹಸಿವು ಸಾಯುತ್ತದೆ ಎಂದು ಕೇಳಿದ್ದೆ. ಈ ಚಳಿಗಾಲದ ಬಗೆಯದರಲ್ಲಿ ತಿರುಗುಮುರುಗು: ಎಷ್ಟು ಮಲಗಿದರೂ ಸಾಲದು, ಸಿಹಿ ಮತ್ತು ಪಿಷ್ಟದ ಹಂಬಲ, ಏರುವ ತೂಕ, ಜನರಿಂದ ದೂರ ಸರಿಯುವ ಮನಸ್ಸು. ಓದುತ್ತಿದ್ದಂತೆ ನನ್ನ ಲೆಕ್ಕದ ಪುಸ್ತಕವನ್ನು ಯಾರೋ ಕದ್ದು ನೋಡಿದಂತಾಯಿತು.

ನನಗಿರುವುದು ಕಾಯಿಲೆಯಲ್ಲ, ಅದರ ದೂರದ ನೆಂಟಸ್ತಿಕೆ ಮಾತ್ರ ಎಂದು ವೈದ್ಯರು ಹೇಳಿದ್ದಾರೆ. ನಾನು ಎದ್ದು ಅಡುಗೆ ಮಾಡುತ್ತೇನೆ, ಸ್ನಾನ ಮಾಡುತ್ತೇನೆ, ಲೆಕ್ಕ ಬರೆಯುತ್ತೇನೆ. ಎಲ್ಲವೂ ನೀರೊಳಗೆ ನಡೆದಂತೆ ನಿಧಾನ, ಅಷ್ಟೆ. ಬದುಕೇ ಬೇಡವೆನ್ನಿಸುವವರು, ವಾರಗಟ್ಟಲೆ ಹಾಸಿಗೆ ಬಿಟ್ಟೇಳದವರು ನನ್ನಂಥವಳ ಪತ್ರ ಓದುತ್ತ ಕೂರದೆ ವೈದ್ಯರ ಬಳಿ ಹೋಗಬೇಕು. ಈ ಮಾತನ್ನು ದಯವಿಟ್ಟು ಕತ್ತರಿಸಬೇಡಿ.

ಇನ್ನು ಬೆಳಕಿನ ವಿಷಯ. ನಾನು ಚಳಿಯೇ ಅಪರಾಧಿ ಎಂದುಕೊಂಡಿದ್ದೆ. ಎರಡು ಸ್ವೆಟರ್ ಹಾಕಿ, ಕಿಟಕಿ ಭದ್ರಪಡಿಸಿ, ಪರದೆ ಎಳೆದು ಬೆಚ್ಚಗೆ ಕೂರುತ್ತಿದ್ದೆ. ಎಂದರೆ, ಬೇಕಾದ ಬೆಳಕನ್ನೇ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನಮ್ಮ ಕಣ್ಣಿನ ಹಿಂಪದರದಲ್ಲಿ ನೋಡುವ ಕೆಲಸಕ್ಕಿಂತ ಬೆಳಕು ಎಷ್ಟಿದೆ ಎಂದು ಅಳೆಯುವ ಕೆಲಸಕ್ಕೇ ಹೆಚ್ಚಾಗಿ ಮೀಸಲಾದ ಕೆಲವು ಕೋಶಗಳಿವೆಯಂತೆ. ಅವು ಮೆದುಳಿನೊಳಗಿನ ಗಡಿಯಾರಕ್ಕೆ ವರದಿ ಒಪ್ಪಿಸುತ್ತವೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವುದು, ಬೆಳಗಾದಾಗ ನಿಲ್ಲುವುದು ಆ ಗಡಿಯಾರದ ಅಪ್ಪಣೆಯಂತೆ. ಪ್ರಖರವಾದ ಬೆಳಕಿಗೆ ಮನುಷ್ಯರಲ್ಲಿ ಈ ಹಾರ್ಮೋನು ತಗ್ಗುತ್ತದೆ ಎಂದು ಆಲ್ಫ್ರೆಡ್ ಲೆವಿ ಮತ್ತು ಸಂಗಡಿಗರು 1980ರಲ್ಲಿ ತೋರಿಸಿಕೊಟ್ಟಿದ್ದರು. ರೋಸೆಂಥಾಲ್ ಅವರ ಕೆಲಸ ಬೆಳೆದದ್ದು ಅದರ ಮೇಲೆ.

ಬೆಳಕನ್ನು ಅಳೆಯುವ ಮಾನ ಲಕ್ಸ್. ಮೊಮ್ಮಗ ನನ್ನ ಮೊಬೈಲಿಗೆ ಅದನ್ನು ಅಳೆಯುವ ಒಂದು ಆ್ಯಪ್ ಹಾಕಿಕೊಟ್ಟ. ಅದು ಕರಾರುವಾಕ್ಕಾದ ಮಾಪಕವಲ್ಲ, ಗೊತ್ತು. ಆದರೂ ಸಿಕ್ಕ ಅಂಕಿ ಬಿಡುವವಳಲ್ಲ ನಾನು. ಪರದೆ ಎಳೆದು ದೀಪ ಹಾಕಿದ ನನ್ನ ಕೋಣೆಯಲ್ಲಿ 110. ಕಿಟಕಿಯ ಪಕ್ಕ ಕುರ್ಚಿ ಹಾಕಿದರೆ 1,400. ಮೋಡ ಕವಿದ ಬೆಳಗ್ಗೆ ಹತ್ತು ಗಂಟೆಗೆ ಮಹಡಿಯ ಮೇಲೆ 9,000 ದಾಟಿತು. ಸೂರ್ಯ ಕಾಣದ ದಿನವದು! ನಿಚ್ಚಳ ಬಿಸಿಲಾದರೆ ಲಕ್ಷದ ಹತ್ತಿರ ಹೋಗುತ್ತದೆ. ನಮ್ಮ ಕಣ್ಣು ಕತ್ತಲೆಗೂ ಬೆಳಕಿಗೂ ಹೊಂದಿಕೊಳ್ಳುವುದರಿಂದ ಕೋಣೆಯೊಳಗೂ ‘ಸಾಕಷ್ಟು ಬೆಳಕಿದೆ’ ಎನ್ನಿಸುತ್ತದೆ. ಕಣ್ಣಿನ ಈ ದೊಡ್ಡಗುಣವನ್ನು ನಂಬಿ ನಾನು ಇಷ್ಟು ವರ್ಷ ಮೋಸಹೋದೆ. ವೈದ್ಯರು ಈ ಕಾಯಿಲೆಗೆ ಕೊಡುವ ಬೆಳಕಿನ ಚಿಕಿತ್ಸೆಯಲ್ಲಿ ಬಳಸುವುದು 10,000 ಲಕ್ಸ್‌ನ ದೀಪ, ಬೆಳಗ್ಗೆ ಸುಮಾರು ಅರ್ಧ ಗಂಟೆ. ಕಣ್ಣಿನ ತೊಂದರೆ ಇರುವವರು, ಮನಸ್ಸು ಅತಿ ಉತ್ಸಾಹಕ್ಕೂ ಅತಿ ಕುಗ್ಗುವಿಕೆಗೂ ಓಲಾಡುವ ಬೈಪೋಲಾರ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಅಂಥ ದೀಪದ ಮುಂದೆ ಕೂರಬಾರದು.

ನಾನು ದೀಪ ಕೊಂಡಿಲ್ಲ. ನನ್ನದು ನೆಲದ ಮೇಲಿನ ಬಿಸಿಲಿನ ತುಂಡು. ಚಳಿಗಾಲದಲ್ಲಿ ಸೂರ್ಯ ಆಕಾಶದಲ್ಲಿ ತಗ್ಗಿನಲ್ಲೇ ಸಾಗುವುದರಿಂದ ದಕ್ಷಿಣದ ಕಿಟಕಿಯಿಂದ ಬಿಸಿಲು ಮನೆಯೊಳಗೆ ಆಳವಾಗಿ ಬರುತ್ತದೆ. ಬೇಸಿಗೆಯಲ್ಲಿ ಹೊಸ್ತಿಲಲ್ಲೇ ನಿಲ್ಲುವ ನೆಂಟ, ಡಿಸೆಂಬರಿನಲ್ಲಿ ನಡುಮನೆಯವರೆಗೂ ಬಂದು ಕಾಲು ಚಾಚುತ್ತಾನೆ. ನಮ್ಮ ನೆಲದ ಹಾಸು ಚೌಕಗಳಲ್ಲಿ ಐದನೆಯದರ ಅಂಚಿಗೆ ಅದು ಮುಟ್ಟಿದ ದಿನ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದೇನೆ. ಬೆಳಗ್ಗೆ ಒಂಬತ್ತೂವರೆಗೆ ನನ್ನ ಕುರ್ಚಿ ಎರಡನೇ ಚೌಕದಲ್ಲಿರುತ್ತದೆ. ಬಿಸಿಲು ಪೂರ್ವಕ್ಕೆ ಜರುಗಿದಂತೆ ಕುರ್ಚಿಯನ್ನೂ ಎಳೆದುಕೊಳ್ಳುತ್ತೇನೆ. ಕಾಲಿನ ರಬ್ಬರು ಸವೆದು ಕಿರ್ರೆನ್ನುತ್ತದೆ. ಮೊದಲು ಪಾದ ಬೆಚ್ಚಗಾಗುತ್ತದೆ, ಆಮೇಲೆ ಮಂಡಿ. ಮಂಡಿ ಬೆಚ್ಚಗಾದ ಮೇಲೆ ಫೋನು ಎತ್ತುವ ಧೈರ್ಯ ಬರುತ್ತದೆ. ಗಾಜಿನೊಳಗೆ ಕೂತರೆ ಡಿ ಜೀವಸತ್ವ ಸಿಗದು, ಅದಕ್ಕೆ ಹೊರಗೇ ಹೋಗಬೇಕು ಎಂದು ಅಳಿಯಂದಿರು ಎಚ್ಚರಿಸಿದ್ದರಿಂದ ಆಮೇಲೆ ಇಪ್ಪತ್ತು ನಿಮಿಷ ಮಹಡಿಯ ಮೇಲೆ. ಬಟ್ಟೆ ಒಣಹಾಕುವ ಕೆಲಸವನ್ನು ಆ ಹೊತ್ತಿಗೇ ಇಟ್ಟುಕೊಂಡಿದ್ದೇನೆ. ಕೆಲಸವಿಲ್ಲದೆ ಬಿಸಿಲಿಗೆ ನಿಲ್ಲಲು ಈಗಲೂ ಸಂಕೋಚ.

ಇಷ್ಟರಿಂದ ಚಳಿಗಾಲ ವಸಂತವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೋದ ಡಿಸೆಂಬರಿನಲ್ಲೂ ಷರಾ ಅಂಕಣದಲ್ಲಿ ಒಂಬತ್ತು ದಿನ ಖಾಲಿಯಿದೆ. ಹಿಂದೆ ಇಪ್ಪತ್ತರ ಮೇಲಿರುತ್ತಿತ್ತು. ಕತ್ತಲೆಯೊಂದೇ ಎಲ್ಲಕ್ಕೂ ಕಾರಣವೆಂದೂ ಹೇಳಲಾರೆ. ಐಸ್‌ಲ್ಯಾಂಡಿನಂಥ ಉತ್ತರದ ನಾಡಿನಲ್ಲಿ ಈ ಕಾಯಿಲೆ ಅಮೆರಿಕದ ಪೂರ್ವ ತೀರಕ್ಕಿಂತ ಕಡಿಮೆ ಎಂದು 1990ರ ದಶಕದಲ್ಲೇ ಸಂಶೋಧಕರು ಕಂಡುಕೊಂಡಿದ್ದಾರೆ.

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಇದನ್ನು ಬರೆಯದಿದ್ದರೆ ಪತ್ರವೇ ಬೇಡ.

ನಮ್ಮ ಕಚೇರಿಯಲ್ಲಿ ಹಾಜರಿ ಪುಸ್ತಕ ನನ್ನ ಸುಪರ್ದಿಯಲ್ಲಿತ್ತು. ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು ಹಾಕುವವಳು ನಾನೇ. ಅಲ್ಲೊಬ್ಬ ಹುಡುಗನಿದ್ದ. ಕೆಲಸದಲ್ಲಿ ಚುರುಕು, ಕೂಡಿಸುವ ಲೆಕ್ಕದಲ್ಲಿ ಯಂತ್ರವನ್ನು ನಾಚಿಸುವಂಥವನು. ಅವನ ಸಾಲಿನಲ್ಲಿ ಮಾರ್ಚಿಯಿಂದ ಅಕ್ಟೋಬರಿನವರೆಗೆ ಒಂದು ಕೆಂಪು ಗುರುತೂ ಇರುತ್ತಿರಲಿಲ್ಲ. ನವೆಂಬರ್ ಕೊನೆಯಿಂದ ಶುರು: ಹತ್ತು ನಿಮಿಷ, ಇಪ್ಪತ್ತು ನಿಮಿಷ, ಜನವರಿಯಲ್ಲಿ ಅರ್ಧ ದಿನದ ರಜೆಗಳು. ಮೂರು ಚಳಿಗಾಲ ಹೀಗೆಯೇ. ಮೇಲಧಿಕಾರಿಗಳು ಅವನನ್ನು ಕರೆದು, ಚಳಿ ಎಲ್ಲರಿಗೂ ಆಗುತ್ತದೆ, ಹೊದಿಕೆಯೊಳಗಿಂದ ಏಳುವುದು ಕಲಿ ಎಂದು ಎಲ್ಲರೆದುರು ಗದರಿದರು. ಅವನು ತಲೆ ತಗ್ಗಿಸಿ, ‘ಅಲಾರಾಂ ಮೂರು ಸಲ ಇಡುತ್ತೇನೆ ಸರ್’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರನೆಯ ಫೆಬ್ರುವರಿಯಲ್ಲಿ ಅವನು ಕೆಲಸ ಬಿಟ್ಟ.

ಅಂಕಿಗಳು ನನ್ನ ಕಣ್ಣಮುಂದೆಯೇ ಇದ್ದವು, ಸಂಪಾದಕರೇ. ಸೋಮಾರಿಯಾದವನು ವರ್ಷವಿಡೀ ಸೋಮಾರಿಯಾಗಿರಬೇಕಲ್ಲವೇ? ಎಂಟು ತಿಂಗಳು ಗಡಿಯಾರದಂತೆ ಬರುವವನು ನಾಲ್ಕೇ ತಿಂಗಳು, ಅದೂ ಅದೇ ನಾಲ್ಕು ತಿಂಗಳು ತಡಮಾಡಿದರೆ ಏಕೆಂದು ಕೇಳಬೇಕಿತ್ತು. ಒಂದು ರೂಪಾಯಿ ವ್ಯತ್ಯಾಸ ಬಂದರೆ ಮೂರು ದಿನ ಕಡತ ಹುಡುಕುತ್ತಿದ್ದ ನಾನು ಇದನ್ನು ಹುಡುಕಲಿಲ್ಲ. ನನಗೂ ಆ ತಿಂಗಳುಗಳಲ್ಲಿ ಏಳುವುದು ಕಷ್ಟವಾಗುತ್ತಿತ್ತು. ನಾನು ಎದ್ದು ಬರುತ್ತಿಲ್ಲವೇ, ಅವನಿಗೇನು ದಾಡಿ ಎಂದು ಒಳಗೊಳಗೇ ಸಿಡುಕುತ್ತಿದ್ದೆ. ಅವನಿಗಿದ್ದದ್ದು ಇದೇ ಕಾಯಿಲೆ ಎಂದು ಹೇಳಲು ನಾನು ಯಾರೂ ಅಲ್ಲ. ಕೇಳಲಿಲ್ಲ ಎಂಬುದಷ್ಟೇ ನನ್ನ ಲೆಕ್ಕದಲ್ಲಿ ಉಳಿದಿರುವ ಬಾಕಿ.

ಆ ಕಚೇರಿಯಲ್ಲಿ ಕಂಪ್ಯೂಟರ್ ಪರದೆಗೆ ಬೆಳಕು ಹೊಡೆಯುತ್ತದೆಂದು ಕಿಟಕಿಗಳಿಗೆ ದಪ್ಪ ಪರದೆ ಹಾಕಿಸಿದ್ದರು. ಮಬ್ಬಿನಲ್ಲಿ ಮನೆ ಬಿಟ್ಟು, ಮಬ್ಬಿನಲ್ಲಿ ಕುಳಿತು, ಮಬ್ಬಿನಲ್ಲಿ ಮನೆಗೆ ಮರಳುತ್ತಿದ್ದೆವು. ನಾರ್ವೆಯ ರ್‍ಯೂಕನ್ ಎಂಬ ಪಟ್ಟಣ ಕಣಿವೆಯಲ್ಲಿದೆ. ವರ್ಷದಲ್ಲಿ ಸುಮಾರು ಆರು ತಿಂಗಳು ಅಲ್ಲಿ ನೇರ ಬಿಸಿಲು ಬೀಳದು. ಅಲ್ಲಿಯವರು ಬೆಟ್ಟ ಹತ್ತಿ ಸೂರ್ಯನನ್ನು ನೋಡಿ ಬರಲೆಂದು 1928ರಲ್ಲೇ ರೋಪ್‌ವೇ ಆಯಿತು. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿ, ಬಿಸಿಲನ್ನು ಪಟ್ಟಣದ ಚೌಕಕ್ಕೆ ಬೀಳಿಸಿಕೊಂಡರು. ನಮ್ಮ ಕಚೇರಿಗೆ ಕನ್ನಡಿ ಬೇಕಿರಲಿಲ್ಲ. ಪರದೆಯ ಹಗ್ಗ ಎಳೆದಿದ್ದರೆ ಸಾಕಿತ್ತು.

ಇಷ್ಟಾದ ಮೇಲೆ ನನ್ನ ಕೋರಿಕೆ ನಿಮಗೆ ಅರ್ಥವಾದೀತು. ಚಳಿಗಾಲ ಬಂದರೆ ನಿಮ್ಮ ಪುರವಣಿಯಲ್ಲಿ ತುಟಿ ಒಡೆಯದಂತೆ, ಹಿಮ್ಮಡಿ ಬಿರಿಯದಂತೆ ಏನು ಮಾಡಬೇಕೆಂದು ಬರುತ್ತದೆ. ಅದೂ ಬರಲಿ, ನನ್ನ ಹಿಮ್ಮಡಿಯೂ ಬಿರಿಯುತ್ತದೆ. ನವೆಂಬರಿನಲ್ಲೇ ಒಂದು ಪುಟ ಮನೋವೈದ್ಯರಿಂದ ಬರೆಸಿ. ಜನವರಿ ಕೊನೆಯಲ್ಲಿ ಬರೆಸಿದರೆ ಬೆಳೆ ಕೊಯ್ದ ಮೇಲೆ ಮಳೆ ಬಂದ ಹಾಗೆ.

ಎರಡನೆಯದು ಮೊದಲೇ ಹೇಳಿದ ಅಂಕಿ. ಸೂರ್ಯೋದಯ, ಸೂರ್ಯಾಸ್ತದ ಪಕ್ಕದಲ್ಲಿ ‘ಹಗಲು ಇಷ್ಟು ಗಂಟೆ, ಇಷ್ಟು ನಿಮಿಷ’ ಎಂದು ಮುದ್ರಿಸಿ. ಬಿಡಿಬಿಡಿ ಸಮಯ ನೋಡಿದರೆ ಮನಸ್ಸು ದಾರಿ ತಪ್ಪುತ್ತದೆ, ನಾನೇ ತಪ್ಪಿದ್ದೆ. ಡಿಸೆಂಬರ್ 21 ಅಥವಾ 22ರಂದು ಅತಿ ಚಿಕ್ಕ ಹಗಲು, ಆಮೇಲೆ ಬೇಗ ಬೆಳಗಾಗಬೇಕಲ್ಲ ಎಂದು ಕಾದರೆ, ಜನವರಿ ಬಂದರೂ ನಿಮ್ಮ ಪತ್ರಿಕೆಯಲ್ಲಿ ಸೂರ್ಯೋದಯ ಇನ್ನೂ ತಡವಾಗುತ್ತಲೇ ಇತ್ತು. ಮುದ್ರಣದೋಷವೆಂದು ನಿಮಗೊಂದು ಖಾರವಾದ ಪತ್ರವನ್ನೂ ಬರೆದಿಟ್ಟಿದ್ದೆ. ಅಳಿಯಂದಿರು ತಡೆದರು. ಭೂಮಿಯ ಅಕ್ಷ ವಾಲಿರುವುದರಿಂದಲೂ ಅದರ ಕಕ್ಷೆ ಪೂರ್ತಿ ದುಂಡಗಿಲ್ಲದಿರುವುದರಿಂದಲೂ ಈ ದಿನಗಳಲ್ಲಿ ಸೂರ್ಯ ನೆತ್ತಿಗೆ ಬರುವ ಹೊತ್ತು ಗಡಿಯಾರಕ್ಕಿಂತ ದಿನದಿನವೂ ಹಿಂದೆ ಬೀಳುತ್ತದಂತೆ. ಹಾಗಾಗಿ ಬೆಳಗು ತಡವಾಗುತ್ತಿದ್ದರೂ ಸಂಜೆ ಅದಕ್ಕಿಂತ ಹೆಚ್ಚು ಉದ್ದವಾಗಿ, ಒಟ್ಟು ಹಗಲು ಬೆಳೆಯುತ್ತಿರುತ್ತದೆ. ಕತ್ತಲೆಯಲ್ಲಿ ಏಳುವವರಿಗೆ ಇದು ಕಾಣುವುದಿಲ್ಲ. ಕಳೆದು ನೋಡಿದವರಿಗೆ ಕಾಣುತ್ತದೆ.

ಜಾಗದ ಅಭಾವವಿದ್ದರೆ ಸೂರ್ಯಾಸ್ತದ ಮುಂದೆ ಒಂದು ಗೆರೆ ಎಳೆದು ಅಂಕಿ ಮಾತ್ರ ಹಾಕಿದರೂ ಸಾಕು. ನಿಮ್ಮಲ್ಲಿ ಲೆಕ್ಕ ಮಾಡುವವರಿಗೆ ಪುರುಸೊತ್ತಿಲ್ಲದಿದ್ದರೆ, ಇಡೀ ಋತುವಿನ ಪಟ್ಟಿಯನ್ನು ನಾನೇ ತಯಾರಿಸಿ, ಎರಡು ಸಲ ತಾಳೆ ನೋಡಿ ಕಳುಹಿಸಿಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಲೆಕ್ಕ ಶಾಖೆಯ ನಿವೃತ್ತ ಉದ್ಯೋಗಿ
(ಹೆಸರು ಪ್ರಕಟಿಸಬಾರದಾಗಿ ವಿನಂತಿ)